ತಮ್ಮ ಟಿವಿಯಲ್ಲಿ ಹೇಳಿದ ಸುಳ್ಳು

ನಮ್ಮ ಡ್ಯಾಡಿ ತೀರಿಕೊಂಡಿದ್ದಾರೆ ಎಂದು ನನ್ನ ತಮ್ಮ ಟಿವಿ ಕ್ಯಾಮೆರಾದ ಮುಂದೆ ಒಪ್ಪಿಕೊಂಡಾಗ ನಾನು ಬೆಂಗಳೂರಿನ ಒಂದು ಸ್ಟುಡಿಯೊದ ಮೂರನೆಯ ಸಾಲಿನಲ್ಲಿ ಕುಳಿತಿದ್ದೆ. ಡ್ಯಾಡಿ ಆ ಹೊತ್ತಿಗೆ ಮಂಗಳೂರಿನ ಪಂಪ್‌ವೆಲ್‌ನಲ್ಲಿದ್ದರು. ಸ್ವಲ್ಪ ಬಿಪಿ ಬಿಟ್ಟರೆ ಅವರಿಗೆ ಬೇರೆ ಕಾಯಿಲೆಯೂ ಇರಲಿಲ್ಲ.

ಅವನು ಅದನ್ನು ಯೋಚಿಸಿಕೊಂಡು ಹೋಗಿದ್ದನೆಂದು ಆಮೇಲೆ ಎಷ್ಟೋ ಜನ ಬರೆದರು. ಹಾಗಲ್ಲ. ಹಿಂದಿನ ದಿನ ರೈಲಿನಲ್ಲಿ ಇಡೀ ದಾರಿ ನಾವಿಬ್ಬರು ಮಾತಾಡಿದ್ದು ಶರ್ಟಿನ ಬಗ್ಗೆ, ಗಂಟಲಿನ ಬಗ್ಗೆ, ಯಾವ ಹಾಡನ್ನು ಮೊದಲು ಹಾಡಬೇಕು ಎಂಬುದರ ಬಗ್ಗೆ. ಡ್ಯಾಡಿಯ ಸುದ್ದಿ ಬರಲೇ ಇಲ್ಲ. ನಮ್ಮ ಮನೆಯಲ್ಲಿ ಅವರ ಸುದ್ದಿ ಬಾರದೆ ಆಗಲೇ ಹನ್ನೊಂದು ವರ್ಷವಾಗಿತ್ತು.

ನಮ್ಮ ಮನೆಮಾತು ಕೊಂಕಣಿ. ಡ್ಯಾಡಿ ಕುವೈತಿನಲ್ಲಿ ಏಸಿ ಮೆಕ್ಯಾನಿಕ್ ಆಗಿದ್ದವರು. ರಜೆಯಲ್ಲಿ ಬರುವಾಗ ಬೇರೆಯವರ ಅಪ್ಪಂದಿರು ಸೆಂಟು, ಟಾರ್ಚು, ಹಾಲಿನ ಪುಡಿ ತಂದರೆ ನಮ್ಮ ಡ್ಯಾಡಿಯ ಪೆಟ್ಟಿಗೆಯಲ್ಲಿ ಅರ್ಧದಷ್ಟು ಕ್ಯಾಸೆಟ್ಟುಗಳೇ ಇರುತ್ತಿದ್ದವು. ಅಮೆರಿಕದ ಹಳ್ಳಿಗಾಡಿನ ಹಾಡುಗಳು, ಕಂಟ್ರಿ ಸಾಂಗ್ಸ್. ಲಾರಿ ಓಡಿಸುವವನ ಹಾಡು, ತಪ್ಪಿಹೋದ ರೈಲಿನ ಹಾಡು, ಬಿಟ್ಟುಹೋದ ಹುಡುಗಿಯ ಹಾಡು. ನಮ್ಮ ಕಡೆಯ ಕ್ರಿಶ್ಚಿಯನ್ ಮದುವೆಗಳಲ್ಲಿ ಊಟದ ಹೊತ್ತಿಗೆ ಯಾರಾದರೂ ಒಬ್ಬ ಮಾವ ಗಿಟಾರ್ ಎತ್ತಿಕೊಂಡು ಇಂಥದ್ದೊಂದನ್ನು ಹಾಡದೆ ಬಿಡುವುದಿಲ್ಲ. ನಮ್ಮ ಕುಟುಂಬದಲ್ಲಿ ಆ ಕೆಲಸ ಡ್ಯಾಡಿಯದಾಗಿತ್ತು. ತಮ್ಮ ಆರು ವರ್ಷದವನಿದ್ದಾಗಲೇ ಅವನ ಬೆರಳನ್ನು ತಂತಿಯ ಮೇಲೆ ಒತ್ತಿ ಹಿಡಿಸಿ, ನೋವಾಗಿ ಅವನು ಅತ್ತರೂ ಬಿಡದೆ ಕಲಿಸಿದರು.

ಆಮೇಲೆ ಅವರು ಕುವೈತ್ ಬಿಟ್ಟು ಬಂದರು. ಬಂದ ಒಂದೇ ವರ್ಷಕ್ಕೆ ನಮ್ಮನ್ನೂ ಬಿಟ್ಟರು. ಪಂಪ್‌ವೆಲ್‌ನಲ್ಲಿ ಟೈಲರಿಂಗ್ ಅಂಗಡಿ ಇಟ್ಟುಕೊಂಡಿದ್ದ ಒಬ್ಬ ವಿಧವೆಯ ಜೊತೆ ಇರತೊಡಗಿದರು. ಕಂಕನಾಡಿಯ ನಮ್ಮ ಫ್ಲ್ಯಾಟಿನಿಂದ ಅಲ್ಲಿಗೆ ನಡೆದೇ ಹೋಗಬಹುದು. ತಮ್ಮನಿಗೆ ಆಗ ಹದಿನೈದು, ನನಗೆ ಇಪ್ಪತ್ತು. ಮಮ್ಮಿ ಪ್ರೈಮರಿ ಶಾಲೆಯ ಟೀಚರ್. ಯಾರು ಕೇಳಿದರೂ "ಪುನಃ ಹೊರಗೆ ಹೋಗಿದ್ದಾರೆ" ಎನ್ನುತ್ತಿದ್ದರು. ಹೊರಗೆ ಎಂದರೆ ನಮ್ಮಲ್ಲಿ ಗಲ್ಫ್. ಕೇಳಿದವರಲ್ಲಿ ಅರ್ಧ ಜನರಿಗೆ ಸತ್ಯ ಗೊತ್ತಿತ್ತು, ಆದರೂ ತಲೆಯಾಡಿಸುತ್ತಿದ್ದರು. ತಮ್ಮ ಬೈಕ್ ಶೋರೂಮ್ ಒಂದರಲ್ಲಿ ಕೆಲಸಕ್ಕೆ ಸೇರಿದ ಮೇಲೆ ದಿನಾ ಬಸ್ಸಿನಲ್ಲಿ ಪಂಪ್‌ವೆಲ್ ದಾಟಬೇಕಾಗಿತ್ತು. ಸರ್ಕಲ್ ಹತ್ತಿರ ಬರುವಾಗ ಅವನು ಆಚೆ ಬದಿಯ ಸೀಟಿಗೆ ಹೋಗಿ ಕೂರುತ್ತಿದ್ದುದನ್ನು ನಾನೇ ನೋಡಿದ್ದೇನೆ.

ಆದರೂ ಡ್ಯಾಡಿ ಕಲಿಸಿದ ಹಾಡನ್ನು ಅವನು ಬಿಡಲಿಲ್ಲ. ಫ್ಲ್ಯಾಟಿನಲ್ಲಿ ಪಕ್ಕದವರು ಬಾಗಿಲು ಬಡಿಯುತ್ತಿದ್ದುದರಿಂದ ಭಾನುವಾರ ಮಧ್ಯಾಹ್ನ ಗಿಟಾರ್ ಹೊತ್ತು ದೋಣಿಯಲ್ಲಿ ನದಿಯಾಚೆಯ ಬೆಂಗ್ರೆಗೆ ಹೋಗಿ, ಬಲೆ ಒಣಗಿಸುವ ಜಾಗದಲ್ಲಿ ಕುಳಿತು ಹಾಡಿ ಬರುತ್ತಿದ್ದ. ಅಲ್ಲಿಯೇ ಕನ್ನಡದಲ್ಲಿ ಸ್ವಂತ ಹಾಡು ಕಟ್ಟಿದ. ದೋಣಿ ತಪ್ಪಿಸಿಕೊಂಡವನ ಹಾಡು ಅದು. "ಕೈಯಲ್ಲಿ ಟಿಕೇಟುಂಟು, ಕಾಲ ಕೆಳಗೆ ನೀರುಂಟು, ದೋಣಿ ಮಾತ್ರ ಆಚೆ ಬದಿ" ಎಂದು ಶುರುವಾಗುತ್ತದೆ. ಈಗ ಅದು ಎಲ್ಲರ ಬಾಯಲ್ಲಿದೆ. ಆಗ ಅದನ್ನು ಕೇಳಿದ್ದು ನಾನು, ಮಮ್ಮಿ ಮತ್ತು ಬಲೆ ಹೆಣೆಯುವ ನಾಲ್ಕೈದು ಮಂದಿ.

ಸ್ಪರ್ಧೆಗೆ ಅರ್ಜಿ ಹಾಕಿದ್ದು ನಾನು. ಅವನು ಹಾಡುವ ವಿಡಿಯೊ ಕಳಿಸಿದವಳೂ ನಾನೇ.

ಸ್ಟುಡಿಯೊದಲ್ಲಿ ಮೂವರು ತೀರ್ಪುಗಾರರಿದ್ದರು. ಅವರಲ್ಲಿ ಹಿರಿಯರು ಅವನ ಗಿಟಾರ್ ನೋಡಿ, "ಏನ್ ಹಾಡ್ತೀಯಪ್ಪಾ?" ಎಂದು ಕೇಳಿದರು.

"ಕಂಟ್ರಿ ಸರ್."

"ಕಂಟ್ರಿ ಅಂದ್ರೆ ನಮ್ ಕಡೆ ಸಾರಾಯಿ ಕಣಪ್ಪಾ!"

"ಇದೂ ಸ್ವಲ್ಪ ಹಾಗೆಯೇ ಸರ್, ಕೇಳಿದ್ರೆ ಏರ್ತದೆ," ಎಂದ ತಮ್ಮ. ಎಲ್ಲರೂ ನಕ್ಕರು. ನನಗೆ ಉಸಿರು ಸರಾಗವಾಯಿತು.

ಅವನು ದೋಣಿಯ ಹಾಡು ಹಾಡಿದ. ಮೊದಲ ಸಾಲಿನಲ್ಲಿ ದನಿ ನಡುಗಿತು, ಎರಡನೆಯದಕ್ಕೆ ನಿಂತುಕೊಂಡಿತು. ಹಾಡು ಮುಗಿದಾಗ ತೀರ್ಪುಗಾರರ ಪೈಕಿ ಇದ್ದ ಗಾಯಕಿ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆಮೇಲೆ ಕೇಳಿದರು, "ಯಾರು ಕಲ್ಸಿದ್ದು ನಿಮಗೆ ಇದನ್ನ?"

"ಅಪ್ಪ."

"ಬಂದಿದಾರಾ ಅಪ್ಪ? ಎಲ್ಲಿದಾರೆ?"

ಕ್ಯಾಮೆರಾ ನಮ್ಮ ಸಾಲಿನ ಕಡೆ ತಿರುಗಿತು. ನನ್ನ ಪಕ್ಕದ ಕುರ್ಚಿ ಖಾಲಿಯಿತ್ತು. ತಮ್ಮ ಆ ಕುರ್ಚಿಯನ್ನು ನೋಡಿ, "ಇಲ್ಲ ಮೇಡಂ. ಅವರಿಲ್ಲ," ಎಂದ.

ಬಂದಿಲ್ಲ ಎಂಬ ಅರ್ಥದಲ್ಲೇ ಅವನು ಅದನ್ನು ಹೇಳಿದ್ದು. ಇದರ ಮೇಲೆ ಬೈಬಲ್ ಮುಟ್ಟಿ ಆಣೆ ಮಾಡು ಎಂದರೂ ಮಾಡುತ್ತೇನೆ. ಆದರೆ ಆ ಗಾಯಕಿಯ ಮುಖ ಒಮ್ಮೆಲೇ ಬದಲಾಯಿತು. "ಓ… ತೀರ್ಕೊಂಡ್ರಾ? ಯಾವಾಗ?"

ಆಗ ಅವನು ತಿದ್ದಬಹುದಿತ್ತು. ಹಾಗಲ್ಲ ಮೇಡಂ, ಮಂಗಳೂರಿನಲ್ಲಿದ್ದಾರೆ ಎನ್ನಬಹುದಿತ್ತು. ಹಾಗೆಂದರೆ ಮುಂದಿನ ಪ್ರಶ್ನೆ ಯಾಕೆ ಬಂದಿಲ್ಲ ಎಂಬುದು. ಅದಕ್ಕೆ ಇಡೀ ಕರ್ನಾಟಕದ ಎದುರು ಏನು ಉತ್ತರ ಕೊಡುವುದು? ನಾನು ಅವನ ಮುಖವನ್ನೇ ನೋಡುತ್ತಿದ್ದೆ. ಅವನ ಗಂಟಲು ಒಮ್ಮೆ ಮೇಲೆ ಹೋಗಿ ಕೆಳಗೆ ಬಂತು.

"ಹನ್ನೊಂದು ವರ್ಷ ಆಯ್ತು ಮೇಡಂ."

ಗಾಯಕಿ ಕಣ್ಣೊರೆಸಿಕೊಂಡರು. ಹಿರಿಯ ತೀರ್ಪುಗಾರರು ವೇದಿಕೆಗೆ ಹೋಗಿ ಅವನನ್ನು ತಬ್ಬಿಕೊಂಡರು. ನನ್ನ ಹಿಂದಿನ ಸಾಲಿನ ಹೆಂಗಸೊಬ್ಬರು ನನ್ನ ಭುಜ ಸವರಿ, "ಅಳ್ಬೇಡಮ್ಮಾ, ಅಪ್ಪ ಮೇಲಿಂದ ನೋಡ್ತಿರ್ತಾರೆ" ಎಂದರು. ನಾನು ಅಳುತ್ತಿರಲಿಲ್ಲ.

ಹೊರಗೆ ಬಂದ ಮೇಲೆ ನಾನು ಕೇಳಿದ ಮೊದಲ ಮಾತು, "ನಿನಗೆ ತಲೆ ಸರಿ ಉಂಟಾ?"

"ಬಾಯಿಂದ ಬಂದು ಹೋಯ್ತು ಅಕ್ಕಾ."

"ಹೋಗಿ ಈಗಲೇ ಹೇಳು."

"ಈಗ ಹೇಳಿದ್ರೆ ಕಳ್ಳ ಅಂತಾರೆ. ತೆಗೀಲಿಕ್ಕೆ ಹೇಳ್ತೇನೆ, ಎಡಿಟಿಂಗಿನಲ್ಲಿ ತೆಗೀತಾರೆ."

ಪ್ರಸಾರಕ್ಕೆ ಮೂರು ವಾರವಿತ್ತು. ಅವನು ಎರಡು ಸಲ ಸ್ಪರ್ಧಿಗಳನ್ನು ನೋಡಿಕೊಳ್ಳುವ ಚಾನೆಲಿನ ಹುಡುಗಿಗೆ ಫೋನ್ ಮಾಡಿ, ಅಪ್ಪನ ಮಾತನ್ನು ತೆಗೆಯಬಹುದಾ ಎಂದು ಕೇಳಿದ. "ಅಯ್ಯೋ, ಅದೇ ತಾನೇ ಹೈಲೈಟು!" ಎಂದಳಂತೆ ಅವಳು. ಆ ಮೂರು ವಾರ ನಾವಿಬ್ಬರೂ ಮಮ್ಮಿಗೆ ಹೇಳಲಿಲ್ಲ. ಪ್ರತಿದಿನ ಹೇಳಬೇಕೆಂದು ಹೊರಟು, ಊಟದ ಮೇಜಿನಲ್ಲಿ ಬೇರೆ ಏನನ್ನೋ ಮಾತಾಡಿ ಏಳುತ್ತಿದ್ದೆವು.

ಪ್ರಸಾರದ ದಿನ ಅಕ್ಕಪಕ್ಕದ ಹೆಂಗಸರು ನಮ್ಮ ಹಾಲಿನಲ್ಲಿ ಸೇರಿದ್ದರು. ಆ ಮಾತು ಬಂತು. ಅವನ ಗಂಟಲು ಮೇಲೆ ಕೆಳಗೆ ಆದದ್ದನ್ನು ದೊಡ್ಡದು ಮಾಡಿ ನಿಧಾನವಾಗಿ ತೋರಿಸಿದರು, ಹಿಂದೆ ಪಿಟೀಲು. ಕೆಳಗಿನ ಮಹಡಿಯ ಆಂಟಿಗೆ ಎಲ್ಲ ಗೊತ್ತಿತ್ತು. ಅವರು ಮಮ್ಮಿಯ ಕಡೆ ಒಮ್ಮೆ ನೋಡಿ ಕಣ್ಣು ಕೆಳಗೆ ಹಾಕಿದರು. ಮಮ್ಮಿ ಎದ್ದು ಅಡುಗೆಮನೆಗೆ ಹೋದರು. ಅಕ್ಕಿ ತೊಳೆಯುವ ಸದ್ದು ಬಹಳ ಹೊತ್ತು ಕೇಳುತ್ತಿತ್ತು.

ಎಲ್ಲರೂ ಹೋದ ಮೇಲೆ ಮಮ್ಮಿ ತಮ್ಮನ ಎದುರು ಬಂದು ನಿಂತರು. ಬೈಯುತ್ತಾರೆ ಎಂದುಕೊಂಡಿದ್ದೆ.

"ಹೇಳಿ ಆಯ್ತಲ್ಲ. ಇನ್ನು ಅದನ್ನೇ ಹೇಳಬೇಕಾಗ್ತದೆ. ನನಗೆ ಅಭ್ಯಾಸ ಉಂಟು, ನಿನಗೆ ಆಗ್ತದಾ ನೋಡು," ಎಂದರು. ಅಷ್ಟೇ.

ಅವನು ಹೆಸರುವಾಸಿಯಾದದ್ದು ಎಷ್ಟು ಬೇಗ ಎಂದರೆ ನಮಗೆ ಹೆದರಲಿಕ್ಕೂ ಪುರುಸೊತ್ತು ಸಿಗಲಿಲ್ಲ. ಒಂದು ವಾರದಲ್ಲಿ ಆ ಹಾಡು ಎಲ್ಲರ ಫೋನಿನಲ್ಲಿತ್ತು. ಬಸ್ ಕಂಡಕ್ಟರ್ ಅವನನ್ನು ಮುಂದಿನ ಸೀಟಿಗೆ ಕರೆದು ಸೆಲ್ಫಿ ತೆಗೆದುಕೊಂಡ. ಕಂಕನಾಡಿ ಮಾರ್ಕೆಟ್ಟಿನ ಎದುರು ಅವನ ಮುಖದ ಫ್ಲೆಕ್ಸ್ ಎದ್ದಿತು. ನಾನು ಸ್ಟಾಫ್ ನರ್ಸ್ ಆಗಿರುವ ಆಸ್ಪತ್ರೆಯಲ್ಲಿ ರೋಗಿಗಳು ನನ್ನನ್ನು ಸಿಸ್ಟರ್ ಎನ್ನುವ ಬದಲು "ದೋಣಿ ಹಾಡಿನವನ ಅಕ್ಕ" ಎನ್ನತೊಡಗಿದರು. ಸುತ್ತಿನಿಂದ ಸುತ್ತಿಗೆ ಅವನು ಮೇಲೆ ಹೋದ. ಸುತ್ತಿನಿಂದ ಸುತ್ತಿಗೆ ಸುಳ್ಳೂ ದಪ್ಪವಾಯಿತು. ನಿರೂಪಕಿ ಪ್ರತಿ ಸಲ "ಅಗಲಿದ ಅಪ್ಪನ ಗಿಟಾರ್ ಹಿಡಿದು" ಎಂದೇ ಅವನನ್ನು ಕರೆಯುತ್ತಿದ್ದಳು. ಗಿಟಾರ್ ಅವನೇ ಕೊಂಡದ್ದು.

ಒಂದು ಬೆಳಿಗ್ಗೆ ಚರ್ಚಿನ ಹೊಸ ಫಾದರ್ ಮಮ್ಮಿಗೆ ಫೋನ್ ಮಾಡಿದರು. ಪಕ್ಕದಲ್ಲೇ ಇದ್ದ ನನಗೂ ಕೇಳುತ್ತಿತ್ತು. "ಟೀಚರ್, ಉಡುಪಿ ಕಡೆಯ ಒಬ್ಬರು ಟಿವಿ ನೋಡಿ ನಿಮ್ಮ ಯಜಮಾನರ ಆತ್ಮಕ್ಕೆ ಪೂಜೆ ಇಡ್ಲಿಕ್ಕೆ ಹೇಳಿದ್ದಾರೆ. ನಾನು ನಮ್ಮ ಪುಸ್ತಕ ನೋಡಿದೆ, ಅವರ ಮರಣ ಬರೆದದ್ದು ಕಾಣುವುದಿಲ್ಲವಲ್ಲ. ಎಲ್ಲಿ ಮಣ್ಣು ಮಾಡಿದ್ದು?"

"ಅದೆಲ್ಲ ಹೊರಗೆ ಆದದ್ದು ಫಾದರ್. ಪೂಜೆ ಈಗ ಬೇಡ, ನಾನು ಬಂದು ಮಾತಾಡ್ತೇನೆ," ಎಂದು ಮಮ್ಮಿ ಫೋನ್ ಇಟ್ಟರು. ಆ ಭಾನುವಾರ ಅವರು ನಮ್ಮ ಚರ್ಚಿಗೆ ಹೋಗದೆ ಬೇರೆ ಕಡೆ ಹೋದರು.

ಅದೇ ವಾರ ಡ್ಯಾಡಿ ಆಸ್ಪತ್ರೆಗೆ ಬಂದರು.

ಹೊರರೋಗಿ ವಿಭಾಗದಲ್ಲಿ ಬಿಪಿ ನೋಡುವುದು ಆ ದಿನ ನನ್ನ ಪಾಳಿ. ಚೀಟಿ ಹಿಡಿದು ಒಬ್ಬ ಗಡ್ಡದವರು ಸ್ಟೂಲಿನ ಮೇಲೆ ಕುಳಿತು ತೋಳು ಚಾಚಿದರು. ಪಟ್ಟಿ ಸುತ್ತುವಾಗ ಮಣಿಕಟ್ಟಿನ ಹಳೆಯ ಸುಟ್ಟ ಗಾಯ ಕಂಡು ತಲೆ ಎತ್ತಿದೆ. ಅವರೂ ನನ್ನನ್ನೇ ನೋಡುತ್ತಿದ್ದರು. ಹನ್ನೊಂದು ವರ್ಷದಲ್ಲಿ ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು.

"ನಾನು ಎಂತದಲ್ಲಿ ಸತ್ತದ್ದು ಪುತಾ?" ಎಂದರು ಮೆಲ್ಲಗೆ. ಪುತಾ ಎಂದರೆ ನಮ್ಮಲ್ಲಿ ಮಗಾ, ಮಗಳೇ ಎಂದ ಹಾಗೆ. "ಅಂಗಡಿಗೆ ಬರುವವರು ಕೇಳ್ತಾರೆ. ತಮಾಷೆ ಮಾಡ್ತಾರೆ. ನನಗೆ ಉತ್ತರ ಗೊತ್ತಿಲ್ಲ."

ಕನಿಕರ ಬರಬೇಕಿತ್ತೇನೋ. ಬರಲಿಲ್ಲ. "ಹನ್ನೊಂದು ವರ್ಷದಿಂದ ಸತ್ತೇ ಇದ್ರಿ. ಅವನು ಈಗ ಬಾಯಿಬಿಟ್ಟು ಹೇಳಿದ, ಅಷ್ಟೇ," ಎಂದೆ. ಪಟ್ಟಿಗೆ ಗಾಳಿ ತುಂಬಿದೆ. ಅಂಕಿ ಸರಿಯಾಗಿ ಕಾಣದೆ ಇನ್ನೊಮ್ಮೆ ನೋಡಬೇಕಾಯಿತು.

ಅವರು ಸಿಟ್ಟಾಗಲಿಲ್ಲ. "ನಾನು ಜಗಳಕ್ಕೆ ಬಂದದ್ದಲ್ಲ. ಫೈನಲ್ ಆಗುವವರೆಗೆ ನಾನು ಹೊರಗೆ ಕಾಣಿಸಿಕೊಳ್ಳುವುದಿಲ್ಲ, ಅದನ್ನು ಹೇಳ್ಲಿಕ್ಕೆ ಬಂದೆ. ಗಡ್ಡ ಬಿಟ್ಟದ್ದು ಅದಕ್ಕೇ. ಯಾರು ಕೇಳಿದ್ರೂ ನಾನವನಲ್ಲ ಅಂತೇನೆ." ತೋಳಿನ ಪಟ್ಟಿಯನ್ನು ತಾವೇ ಬಿಚ್ಚಿಕೊಂಡು, "ಎರಡನೇ ಸಾಲಿನಲ್ಲಿ ಅವಸರ ಮಾಡ್ತಾನೆ. 'ನೀರುಂಟು' ಅನ್ನುವಲ್ಲಿ ಉಸಿರು ತೆಗೊಳ್ಳಬೇಕು. ಹೇಳು ಅವನಿಗೆ," ಎಂದರು. ಚೀಟಿಯ ಹಿಂದೆ ಫೋನ್ ನಂಬರ್ ಬರೆದಿಟ್ಟು ಎದ್ದು ಹೋದರು. ಬಿಪಿ ಜಾಸ್ತಿಯೇ ಇತ್ತು. ಡಾಕ್ಟರನ್ನು ನೋಡದೆ ಹೋಗಿದ್ದರು.

ತಮ್ಮ ಆಗ ಬೆಂಗಳೂರಿನಲ್ಲೇ ಉಳಿದಿದ್ದ. ನಾನು ಅವನಿಗೆ ಇದನ್ನು ಹೇಳಲಿಲ್ಲ.

ಎರಡು ದಿನ ಬಿಟ್ಟು ಚಾನೆಲಿನ ಹುಡುಗಿಯ ಫೋನ್. ಸೆಮಿಫೈನಲಿನಲ್ಲಿ ಅಪ್ಪಂದಿರ ವಿಶೇಷ ಸಂಚಿಕೆಯಂತೆ, ಎಲ್ಲರ ಅಪ್ಪಂದಿರೂ ವೇದಿಕೆಗೆ ಬರುತ್ತಾರಂತೆ. "ನಿಮ್ಮ ತಂದೆಯವರದ್ದು ಒಂದು ಒಳ್ಳೇ ಫೋಟೊ ಕಳ್ಸಿ ಅಕ್ಕಾ. ದೊಡ್ಡದು ಮಾಡಿಸ್ತೀವಿ. ಅವನಿಗೆ ಹೇಳ್ಬೇಡಿ, ಸರ್‌ಪ್ರೈಸ್."

ಕಥೆಯ ಈ ಭಾಗಕ್ಕೆ ಬಂದರೆ ನನಗೆ ನನ್ನ ಮೇಲೆ ಇಂದಿಗೂ ಸಿಟ್ಟು ಬರುತ್ತದೆ. ತಮ್ಮನ ಬಾಯಿಂದ ಬಂದದ್ದು ಒಂದು ಕ್ಷಣದ ಮಾತು. ನನಗೆ ಇಡೀ ಒಂದು ದಿನವಿತ್ತು. ಬೇಡ ಎನ್ನಬಹುದಿತ್ತು, ಫೋಟೊ ಇಲ್ಲ ಎನ್ನಬಹುದಿತ್ತು. ಆದರೆ ಅವನು ಗೆಲ್ಲುತ್ತಿದ್ದ, ಫ್ಲೆಕ್ಸಿನಲ್ಲಿ ಅವನ ಮುಖ ನಗುತ್ತಿತ್ತು, ಮತ್ತು ದೋಣಿ ಹಾಡಿನವನ ಅಕ್ಕ ಎನ್ನಿಸಿಕೊಳ್ಳುವುದು ನನಗೆ ಹಿತವಾಗಿತ್ತು. ಕಪಾಟಿನ ಮೇಲಿನ ಪೆಟ್ಟಿಗೆಯಿಂದ ಡ್ಯಾಡಿ ಗಿಟಾರ್ ಹಿಡಿದು ನಗುವ ಒಂದು ಫೋಟೊ ತೆಗೆದೆ. ಅದರಲ್ಲಿ ಅವರ ಮಂಡಿಗೆ ಒರಗಿ ನಿಂತ ಐದು ವರ್ಷದ ನಾನೂ ಇದ್ದೆ. ಫೋನಿನಲ್ಲಿ ಅದರ ಫೋಟೊ ತೆಗೆದು, ನನ್ನನ್ನು ಕತ್ತರಿಸಿ, ಕಳಿಸಿದೆ.

ಮರುದಿನ ಇನ್ನೊಂದು ಫೋನ್ ಬಂತು. ಮಂಗಳೂರಿನವನೇ, ಯೂಟ್ಯೂಬಿನಲ್ಲಿ ಸುದ್ದಿ ಹಾಕುವವನು. "ಸಿಸ್ಟರ್, ನಿಮ್ಮ ಫಾದರ್ ಪಂಪ್‌ವೆಲ್‌ನಲ್ಲಿ ಇದ್ದಾರಂತಲ್ಲ? ಅವರ ಬಗ್ಗೆ ನಿಮ್ಮ ಎರಡು ಮಾತು, ಒಂದು ಬೈಟ್ ಬೇಕಿತ್ತು ಮಾರಾಯ್ರೆ."

"ನಿಮಗೆ ಯಾರೋ ತಪ್ಪು ಹೇಳಿದ್ದಾರೆ," ಎಂದು ಇಟ್ಟುಬಿಟ್ಟೆ. ಔಷಧಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಚೀಟಿಯ ನಂಬರಿಗೆ ಫೋನ್ ಮಾಡಿದೆ. ಡ್ಯಾಡಿ ಶಾಂತವಾಗಿದ್ದರು. "ಅವನು ಬೆಳಿಗ್ಗೆಯೇ ಬಂದಿದ್ದ ಪುತಾ. ಸತ್ತದ್ದು ನನ್ನ ಅಣ್ಣ, ನಾವಿಬ್ಬರು ನೋಡ್ಲಿಕ್ಕೆ ಒಂದೇ ರೀತಿ ಅಂತ ಹೇಳಿದೆ. ನಂಬಿದನೋ ಇಲ್ವೋ ಗೊತ್ತಿಲ್ಲ. ಫೋಟೊ ತೆಗೀಲಿಕ್ಕೆ ಬಿಡ್ಲಿಲ್ಲ."

ಸೆಮಿಫೈನಲ್ ಚಿತ್ರೀಕರಣಕ್ಕೆ ಮಮ್ಮಿಯೂ ನಾನೂ ಹೋದೆವು. ದಾರಿಯಲ್ಲಿ ಮಮ್ಮಿಗೆ ಫೋಟೊದ ವಿಷಯ ಹೇಳಿದೆ, ಆಸ್ಪತ್ರೆಯ ವಿಷಯವನ್ನೂ ಹೇಳಿದೆ. ಅವರು ಜಪಸರ ಹಿಡಿದು ಕಿಟಕಿಯ ಕಡೆ ತಿರುಗಿ ಕುಳಿತರು. ಶಿರಾಡಿ ಘಾಟಿ ದಾಟಿ ಹಾಸನ ಬರುವವರೆಗೆ ಮಣಿ ಎಣಿಸುತ್ತಲೇ ಇದ್ದರು.

ಮೇಕಪ್ ಕೋಣೆಯಲ್ಲಿ ತಮ್ಮ ಸಿಕ್ಕಿದ. ಇನ್ನು ಹತ್ತು ನಿಮಿಷಕ್ಕೆ ಅವನು ವೇದಿಕೆಗೆ ಹೋಗಬೇಕು. ಯಾರೋ ಊರಿನಲ್ಲಿ ಕೆದಕುತ್ತಿದ್ದಾರೆ ಎಂಬುದಾದರೂ ಅವನಿಗೆ ಗೊತ್ತಿರಬೇಕು ಎನ್ನಿಸಿತು.

"ಡ್ಯಾಡಿ ಆಸ್ಪತ್ರೆಗೆ ಬಂದಿದ್ರು," ಎಂದೆ.

ಕನ್ನಡಿಯಲ್ಲೇ ನನ್ನನ್ನು ನೋಡಿದ. "ಎಂತ ಹೇಳಿದ್ರು?"

"ಎರಡನೇ ಸಾಲಿನಲ್ಲಿ ಅವಸರ ಮಾಡ್ತಿಯಂತೆ. 'ನೀರುಂಟು' ಅನ್ನುವಲ್ಲಿ ಉಸಿರು ತೆಗೊಳ್ಳಬೇಕಂತೆ."

ಅವನಿಗೆ ನಗು ಬಂತು. ನಕ್ಕದ್ದು ಅಲ್ಲೇ ನಿಂತುಹೋಯಿತು. "ಅಷ್ಟೇನಾ? ಬೈಯಲಿಲ್ವಾ?"

"ಇಲ್ಲ. ಫೈನಲ್ ಆಗುವವರೆಗೆ ಸತ್ತವರ ಹಾಗೆಯೇ ಇರ್ತಾರಂತೆ."

ಅಷ್ಟರಲ್ಲಿ ಅವನನ್ನು ಕರೆದರು. ಫೋಟೊದ ವಿಷಯ ಹೇಳಲು ಬಾಯಿ ತೆರೆದೆ, ಅವನು ಆಗಲೇ ಬಾಗಿಲ ಆಚೆ ಇದ್ದ.

ಪರದೆ ಸರಿದಾಗ ವೇದಿಕೆಯ ನಡುವೆ ಆಳೆತ್ತರದ ಫೋಟೊ ಇತ್ತು. ಡ್ಯಾಡಿ ನಗುತ್ತಿದ್ದರು. ಶ್ರೀಗಂಧದ ಚಕ್ಕೆಯ ಹಾರ ಹಾಕಿದ್ದರು, ಎದುರು ಸಾಲು ಮೇಣದಬತ್ತಿ. ಮಮ್ಮಿ ನನ್ನ ಕೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದರೆಂದರೆ ಬಳೆ ಒತ್ತಿ ಗುರುತು ಬಿತ್ತು. ತಮ್ಮ ಗಿಟಾರಿನೊಂದಿಗೆ ಬಂದವನು ಫೋಟೊ ನೋಡಿ ನಿಂತ. ವಾದ್ಯದವರು ಶುರುಮಾಡಿದರು. ಅವನು ಹಾಡು ಎತ್ತಲಿಲ್ಲ. ನಿಲ್ಲಿಸಿ ಮತ್ತೆ ಶುರುಮಾಡಿದರು. ಮತ್ತೂ ಎತ್ತಲಿಲ್ಲ. ಮೇಲಿನ ಸ್ಪೀಕರಿನಿಂದ ನಿರ್ದೇಶಕರ ದನಿ ಬಂತು, "ಟೇಕ್ ಯುವರ್ ಟೈಮ್, ಎಮೋಷನ್ ಚೆನ್ನಾಗಿದೆ."

ಮೂರನೆಯ ಸಲ ಅವನು ವಾದ್ಯದವರಿಗೆ ಕೈ ತೋರಿಸಿ ನಿಲ್ಲಿಸಿದ. ಮೈಕಿನ ಹತ್ತಿರ ಬಂದ.

"ಆ ಹಾರ ತೆಗೀರಿ. ಅಪ್ಪ ಇದ್ದಾರೆ."

ಯಾರಿಗೂ ಅರ್ಥವಾಗಲಿಲ್ಲ. ಹಿರಿಯ ತೀರ್ಪುಗಾರರು, "ಹೌದಪ್ಪಾ, ಎಲ್ಲೂ ಹೋಗಿಲ್ಲ, ನಿನ್ ಜೊತೆಗೇ ಇದಾರೆ" ಎಂದರು.

"ಹಾಗಲ್ಲ ಸರ್. ಬದುಕಿದ್ದಾರೆ. ಮಂಗಳೂರಿನಲ್ಲಿ ಇದ್ದಾರೆ. ನಮ್ಮನ್ನು ಬಿಟ್ಟು ಹೋಗಿದ್ದಾರೆ. ಅದನ್ನು ಹೇಳ್ಲಿಕ್ಕೆ ನಾಚಿಕೆಯಾಗಿ ಸತ್ತಿದ್ದಾರೆ ಅಂತ ಒಪ್ಪಿಕೊಂಡೆ. ತಪ್ಪು ನನ್ನದು." ಅವನೇ ಹೋಗಿ ಹಾರ ತೆಗೆದ. ಕೆಳಗಿಡಲು ಜಾಗ ಕಾಣದೆ ಕೈಯಲ್ಲೇ ಹಿಡಿದು ನಿಂತ.

ಚಿತ್ರೀಕರಣ ನಿಂತಿತು. ನಮ್ಮ ಮೂವರನ್ನೂ ಒಂದು ಕೋಣೆಯಲ್ಲಿ ಕೂರಿಸಿದರು. ಎರಡು ಗಂಟೆ ಯಾರೂ ಬರಲಿಲ್ಲ. ಗೋಡೆಯ ಆಚೆ ಜೋರು ಜೋರಾಗಿ ಮಾತಾಡುವುದು ಮಾತ್ರ ಕೇಳುತ್ತಿತ್ತು. ಕೊನೆಗೆ ಕಾರ್ಯಕ್ರಮದ ಮುಖ್ಯಸ್ಥೆ ಬಂದರು. ಸಿಟ್ಟನ್ನು ತಡೆದುಕೊಂಡಿದ್ದು ಗೊತ್ತಾಗುತ್ತಿತ್ತು.

"ನೋಡಿ, ಒಂದು ದಾರಿ ಇದೆ. ಇವತ್ತು ಆಗಿದ್ದನ್ನ ಪೂರ್ತಿ ತೆಗೆದುಬಿಡ್ತೀವಿ. ಒಳಗೆ ಕೂತಿರೋರಿಗೆ ನಾವು ಹೇಳ್ಕೋತೀವಿ. ಫೋಟೊ ಇಲ್ದೆ ಹಾಡ್ಲಿ. ಫೈನಲಿಗೂ ಹೋಗ್ತಾನೆ. ಹೊರಗಡೆ ಯಾರಿಗೂ ಗೊತ್ತಾಗಲ್ಲ."

ತಮ್ಮ ನೆಲ ನೋಡುತ್ತಿದ್ದ. ಅವನು ಹೂಂ ಎನ್ನುತ್ತಾನೆ ಎಂದು ನನಗೆ ಭಯವಾಯಿತು. ಉಹೂಂ ಎನ್ನುತ್ತಾನೆ ಎಂದೂ ಭಯವಾಯಿತು.

ಮಾತಾಡಿದ್ದು ಮಮ್ಮಿ. "ಅವನು ಹೇಳಿದ್ದನ್ನು ತೋರಿಸಿ ಮೇಡಂ. ತೋರಿಸುವುದಿಲ್ಲ ಅಂತಾದ್ರೆ ನಾವು ಈಗಲೇ ಊರಿಗೆ ಹೋಗ್ತೇವೆ. ಅವನ ಅಪ್ಪ ನಮ್ಮ ಜೊತೆ ಇಲ್ಲ ಅನ್ನುವುದನ್ನು ನಾನು ಹನ್ನೊಂದು ವರ್ಷ ಯಾರಿಗೂ ಹೇಳ್ಲಿಲ್ಲ. ಅದರಿಂದ ಯಾರಿಗೂ ಒಳ್ಳೇದಾಗ್ಲಿಲ್ಲ."

ಮುಖ್ಯಸ್ಥೆ ಹೊರಗೆ ಹೋದರು. ಮತ್ತೆ ಅರ್ಧ ಗಂಟೆ. ಬಂದು, "ತೋರಿಸ್ತೀವಿ. ಆದ್ರೆ ಜನ ಏನಂತಾರೋ ಅದನ್ನ ಅವನೇ ಎದುರಿಸ್ಬೇಕು" ಎಂದರು. ಆ ಸಂಜೆ ಅವನು ಖಾಲಿ ವೇದಿಕೆಯಲ್ಲಿ ನಿಂತು ಹಾಡಿದ. 'ನೀರುಂಟು' ಎಂಬಲ್ಲಿ ಉಸಿರು ತೆಗೆದುಕೊಂಡ. ಅದನ್ನು ಬಿಟ್ಟರೆ ಚೆನ್ನಾಗೇನೂ ಹಾಡಲಿಲ್ಲ, ಸ್ವರ ಎರಡು ಕಡೆ ಜಾರಿತು.

ಪ್ರಸಾರವಾದ ಮೇಲಿನ ವಾರ ನಾವು ಫೋನ್ ತೆರೆಯುವ ಹಾಗಿರಲಿಲ್ಲ. ಕೆಲವರು ಸುಳ್ಳ, ಅಪ್ಪನನ್ನು ಕೊಂದವನು ಎಂದು ಬರೆದರು. ಕೆಲವರು ಗಂಡಸು ಎಂದರೆ ಇವನು ಎಂದು ಬರೆದರು. ಉಳಿದವರು ಎಲ್ಲ ಚಾನೆಲಿನವರ ನಾಟಕ ಎಂದರು. ಶೋರೂಮಿನವರು ಸ್ವಲ್ಪ ದಿನ ಬರಬೇಡ ಎಂದರು. ನಮ್ಮ ಫ್ಲ್ಯಾಟಿನ ಕೆಳಗೆ ಕ್ಯಾಮೆರಾ ಹಿಡಿದವರು ನಿಂತರು. ಫ್ಲೆಕ್ಸ್ ಒಂದು ಬೆಳಿಗ್ಗೆ ಅಲ್ಲಿರಲಿಲ್ಲ. ತೆಗೆದದ್ದೋ ಗಾಳಿಗೆ ಹೋದದ್ದೋ ತಿಳಿಯಲಿಲ್ಲ. ಮಮ್ಮಿ ಮಾತ್ರ ನಮ್ಮ ಚರ್ಚಿಗೆ ಹೋಗಿ ಫಾದರ್ ಹತ್ತಿರ ಎಲ್ಲವನ್ನೂ ಹೇಳಿ ಬಂದರು.

ಅತಿ ಹೆಚ್ಚು ಪೆಟ್ಟು ತಿಂದವರು ಯಾರೆಂಬುದು ನನಗೆ ತಡವಾಗಿ ಗೊತ್ತಾಯಿತು. ಡ್ಯಾಡಿಯ ಫೋನ್ ಬಂದ್ ಆಗಿತ್ತು. ಐದನೆಯ ದಿನ ಡ್ಯೂಟಿ ಮುಗಿಸಿ ಪಂಪ್‌ವೆಲ್‌ಗೆ ನಡೆದುಹೋದೆ. ಟೈಲರಿಂಗ್ ಅಂಗಡಿಯ ಶಟರ್ ಅರ್ಧ ಇಳಿದಿತ್ತು, ಅದರ ಮೇಲೆ ಯಾರೋ ಚಾಕ್‌ಪೀಸಿನಲ್ಲಿ ಕೆಟ್ಟ ಮಾತು ಬರೆದಿದ್ದರು. ಬಗ್ಗಿ ಒಳಗೆ ನೋಡಿದೆ. ಆ ಹೆಂಗಸು ಒಬ್ಬರೇ ಕುಳಿತು ಮೊದಲೇ ಒಪ್ಪಿಕೊಂಡಿದ್ದ ಬ್ಲೌಸುಗಳಿಗೆ ಹುಕ್ಕು ಹಾಕುತ್ತಿದ್ದರು. ನನಗಿಂತ ಗಿಡ್ಡ, ದಪ್ಪ ಕನ್ನಡಕ. ಅಷ್ಟು ವರ್ಷ ನಾನು ಮನಸ್ಸಿನಲ್ಲಿ ಬೈಯುತ್ತಿದ್ದ ಹೆಂಗಸು ಬೇರೆಯೇ ಯಾರೋ ಆಗಿದ್ದಳು.

"ಅವರು ಮಲಗಿದ್ದಾರೆ. ಬಿಪಿ ಏರಿದೆ," ಎಂದರು. ನಾನು ಯಾರೆಂದು ಕೇಳಲಿಲ್ಲ, ಗೊತ್ತಿತ್ತು. "ಗಿರಾಕಿಗಳು ಬಟ್ಟೆ ವಾಪಸ್ ತೆಗೊಂಡು ಹೋದ್ರು. ಟಿವಿಯಲ್ಲಿ ಅವರನ್ನು ಸಾಯಿಸಿದ್ರು, ಬದುಕಿಸಿದ್ರು. ನಾನು ಅದರಲ್ಲಿ ಎಲ್ಲಿಯೂ ಇರ್ಲಿಲ್ಲ. ಬೈಗುಳ ಮಾತ್ರ ನನಗೆ ಬಂತು."

ಒಳಗೆ ಹೋಗಿ ಡ್ಯಾಡಿಯ ಬಿಪಿ ನೋಡಿದೆ, ಮಾತ್ರೆ ತಂದುಕೊಟ್ಟೆ, ದಿನಕ್ಕೆರಡು ಸಲ ಹೇಗೆ ಕೊಡಬೇಕೆಂದು ಆ ಹೆಂಗಸಿಗೆ ಹೇಳಿದೆ. ಹೊರಗೆ ಬಂದು ಒದ್ದೆ ಬಟ್ಟೆಯಿಂದ ಶಟರಿನ ಚಾಕ್‌ಪೀಸ್ ಒರೆಸಿದೆ.

ಮುಂದಿನ ವಾರ ತಮ್ಮ ಸ್ಪರ್ಧೆಯಿಂದ ಹೊರಬಿದ್ದ. ಮತ ಸಾಕಾಗಲಿಲ್ಲ ಎಂದರು. ಅವನ ಕಥೆ ಅಲ್ಲಿಗೆ ಮುಗಿಯಿತು ಎಂದುಕೊಂಡೆವು. ಆದರೆ ಹಾಡು ನಿಲ್ಲಲಿಲ್ಲ. ಮಳೆಗಾಲ ಕಳೆದು ಮದುವೆಗಳು ಶುರುವಾದಾಗ ಮೊದಲು ಕಾಸರಗೋಡಿನಿಂದ ಕರೆ ಬಂತು, ಆಮೇಲೆ ಕುಂದಾಪುರದಿಂದ, ಆಮೇಲೆ ಗಲ್ಫಿನ ಕನ್ನಡ ಸಂಘಗಳಿಂದ. ಗೆದ್ದವನ ಹೆಸರನ್ನು ಈಗ ಜನ ಯೋಚಿಸಿ ಹೇಳಬೇಕು. ದೋಣಿಯ ಹಾಡು ಎಂದರೆ ಮಕ್ಕಳೂ ಹಾಡುತ್ತಾರೆ.

ತಮ್ಮ ಒಂದು ದಿನ ಪಂಪ್‌ವೆಲ್‌ನಲ್ಲಿ ಬಸ್ಸಿನಿಂದ ಇಳಿದ. ನನ್ನನ್ನೂ ಕರೆದುಕೊಂಡು ಹೋಗಿದ್ದ. ಅಪ್ಪ ಮಗ ಅಂಗಡಿಯ ಹಿಂದಿನ ಕೋಣೆಯಲ್ಲಿ ಎದುರುಬದುರು ಕುಳಿತರು. ಇಬ್ಬರೂ ಕ್ಷಮೆ ಕೇಳಲಿಲ್ಲ. ತಂತಿ ಯಾವ ಕಂಪೆನಿಯದ್ದು ಒಳ್ಳೆಯದು ಎಂದು ಸುಮಾರು ಕಾಲು ಗಂಟೆ ಮಾತಾಡಿದರು. ಹೊರಡುವಾಗ ತಮ್ಮ ಆ ಹೆಂಗಸಿಗೆ "ಬರ್ತೇನೆ ಆಂಟಿ" ಎಂದ. ಈಗ ತಿಂಗಳಿಗೊಮ್ಮೆಯೋ ಎರಡು ತಿಂಗಳಿಗೊಮ್ಮೆಯೋ ಹೋಗುತ್ತಾನೆ. ಮಮ್ಮಿ ಹೋಗುವುದಿಲ್ಲ, ಹೋಗಬೇಡ ಎಂದು ನಮಗೆ ಹೇಳುವುದೂ ಇಲ್ಲ.

ಕಳೆದ ವಾರ ತಮ್ಮ ಮಸ್ಕತ್‌ನಿಂದ ಫೋನ್ ಮಾಡಿದ್ದ. ಗಂಟಲು ಕಟ್ಟಿದೆಯಂತೆ. ಬಿಸಿನೀರಿಗೆ ಉಪ್ಪು ಹಾಕಿ ಮುಕ್ಕಳಿಸು, ಎರಡು ದಿನ ಮಾತಾಡಬೇಡ ಎಂದೆ.

"ನಾಳೆ ಎರಡು ಶೋ ಉಂಟು ಅಕ್ಕಾ," ಎಂದ.

"ಹಾಗಾದ್ರೆ ಈಗ ಫೋನ್ ಇಡು ಮಾರಾಯ, ಹೋಗಿ ಮಲಗು."